ನಡುಗೋಡೆಯ ನಡು

ತುರುವೇಕೆರೆ ಪೇಟೆಯ ಹಿಂದಿನ ಬೀದಿಯಲ್ಲಿದ್ದ ಮರುಳಸಿದ್ದಯ್ಯನವರಿಗೆ ತೂಗಾಡುವ ವಸ್ತು ಕಂಡರೆ ಆಗುತ್ತಿರಲಿಲ್ಲ. ಅವರ ಮನೆಯಲ್ಲಿ ಬಟ್ಟೆ ಒಣಹಾಕಲು ಹಗ್ಗವಿರಲಿಲ್ಲ. ಹೆಂಡತಿ ಸಿದ್ದಗಂಗಮ್ಮ ಸೀರೆಗಳನ್ನೆಲ್ಲ ಹಿತ್ತಿಲ ಬೇಲಿಯ ಮೇಲೆ ಹರವಿ, ಆಮೇಲೆ ಕೂತು ಮುಳ್ಳು ಬಿಡಿಸಬೇಕಿತ್ತು. ಕ್ಯಾಲೆಂಡರನ್ನು ಮೊಳೆಗೆ ನೇತುಹಾಕಿದರೆ ಗಾಳಿಗೆ ಅಲ್ಲಾಡುತ್ತದಲ್ಲ, ಅದಕ್ಕೆ ಮರುಳಸಿದ್ದಯ್ಯ ಪ್ರತಿ ಜನವರಿಯಲ್ಲೂ ಗಂಜಿ ಕಾಸಿ, ಹೊಸ ಕ್ಯಾಲೆಂಡರನ್ನು ಹಳೆಯದರ ಮೇಲೆ ಅಂಟಿಸುತ್ತಿದ್ದರು. ಮನೆ ಕಟ್ಟಿದ ವರ್ಷದಿಂದ ಹೀಗೇ ನಡೆದು ಕ್ಯಾಲೆಂಡರು ದಿಂಬಿನಷ್ಟು ದಪ್ಪವಾಗಿತ್ತು.

ಇದೊಂದು ಬಿಟ್ಟರೆ ಅವರು ತೂಕದ ಮನುಷ್ಯ. ಸಂಪಿಗೆ ಊರಿನ ದಾರಿಯಲ್ಲಿ ತೆಂಗಿನ ತೋಟವಿತ್ತು. ಅವರ ಉಂಡೆ ಕೊಬ್ಬರಿಗೆ ತಿಪಟೂರಿನ ಮಂಡಿಯಲ್ಲಿ ಹೆಸರಿತ್ತು. ಆ ಕೊಬ್ಬರಿ ಆಗುವುದು ಮನೆಯ ಅಟ್ಟದಲ್ಲಿ. ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಗಲಗಲ ಅನ್ನುತ್ತದೆ. ಸಾವಿರಾರು ಕಾಯಿಗಳ ಈ ಭಾರವನ್ನೆಲ್ಲ ಹೊತ್ತದ್ದು ಪಡಸಾಲೆಗೂ ಅಡುಗೆಮನೆಗೂ ನಡುವೆ ನಿಂತಿದ್ದ ಒಂದು ಗೋಡೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಮುಂದಿನಿಂದ ಬಂದ ತೊಲೆಗಳೂ ಹಿಂದಿನಿಂದ ಬಂದ ತೊಲೆಗಳೂ ಅದರ ತಲೆಯ ಮೇಲೆಯೇ ಕೂತಿದ್ದವು. ಮನೆಯವರು ಅದನ್ನು ನಡುಗೋಡೆ ಎನ್ನುತ್ತಿದ್ದರು.

ಎಪ್ಪತ್ತೆಂಟನೇ ಇಸವಿಯಲ್ಲಿ ಮರುಳಸಿದ್ದಯ್ಯ ತಿಪಟೂರಿನ ಒಂದು ಮದುವೆಮನೆಗೆ ಹೋದರು. ಹೊಸದಾಗಿ ಕಟ್ಟಿಸಿದ ಮನೆ. ಬಲ್ಬು ಉರಿಯುತ್ತಿತ್ತು, ಗೋಡೆಯಲ್ಲಿ ಸ್ವಿಚ್ಚಿತ್ತು, ಎರಡರ ನಡುವೆ ಏನೂ ಇರಲಿಲ್ಲ. ಅವರ ಮನೆಯಲ್ಲಾದರೋ ಮರದ ಪಟ್ಟಿಗಳ ಮೇಲೆ ವೈರು ಗೋಡೆಯುದ್ದಕ್ಕೂ ಹರಿದಾಡಿ, ಅಲ್ಲಲ್ಲಿ ಪಟ್ಟಿ ಬಿಟ್ಟು ಜೋತಾಡುತ್ತಿತ್ತು. ಅವರು ಅಲ್ಲಿಯೇ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ವೈರು ಹುಡುಕತೊಡಗಿದರು. ಬಡಿಯುತ್ತ ಬಡಿಯುತ್ತ ಮದುಮಗಳಿಗೆ ಸೀರೆ ಉಡಿಸುತ್ತಿದ್ದ ಕೋಣೆಯೊಳಕ್ಕೇ ಹೋದರು. ಹೆಂಗಸರು ಕೂಗಿಕೊಂಡರು. ಯಾರೋ ರಟ್ಟೆ ಹಿಡಿದು ಆಚೆಗೆ ತಂದಾಗಲೂ ಮರುಳಸಿದ್ದಯ್ಯ ಕೇಳಿದ್ದು ಒಂದೇ ಮಾತು:

"ಎಲ್ಲೈತೆ?"

"ಗೋಡೆ ಒಳಗೈತೆ ಕಣ್ರೀ. ಪೈಪಲ್ಲಿ ಹೋಗ್ತದೆ."

ತಾಳಿ ಕಟ್ಟಿದ್ದನ್ನು ಅವರು ನೋಡಲಿಲ್ಲ. ಮುಂದಿನ ಬಸ್ಸು ಹತ್ತಿ ಬಂದು ವೈರಿಂಗ್ ಮಾಡುವ ಅಣ್ಣಯ್ಯನನ್ನು ಕರೆಸಿದರು. ಗೋಡೆಯೊಳಗೆ ವೈರು ಹಾಕಿ ಅಣ್ಣಯ್ಯನಿಗೆ ಅಭ್ಯಾಸವಿರಲಿಲ್ಲ. ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ.

"ಒಳಗಡೆ ಹಾಕೋದು ಸಲೀಸು ಯಜಮಾನ್ರೆ. ಹೊರಗಡೆ ಹಾಕಿದ್ರೆ ಸೊಟ್ಟಾದ್ದು ಕಾಣ್ತದೆ. ಒಳಗಡೆ ಯಾರು ನೋಡ್ತಾರೆ?"

ಅಟ್ಟದ ಮೇಲೆ ಪೈಪು ಎಳೆದು, ಒಂದೊಂದು ಸ್ವಿಚ್ಚಿಗೂ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಒಂದು ಕಾಲುವೆ ಕೊರೆಯುವುದೆಂದು ಅವನು ಲೆಕ್ಕ ಹಾಕಿದ್ದ. ಮರುಳಸಿದ್ದಯ್ಯ ಒಪ್ಪಲಿಲ್ಲ.

"ಅಟ್ಟದಾಗೆ ಇಲಿ ಅವೆ. ಪೈಪು ಕಡಿದು ವೈರು ತಿಂತವೆ. ಮೇಲ್ಗಡೆ ಬ್ಯಾಡ. ಎದೆಮಟ್ಟಕ್ಕೆ ಅಡ್ಡಡ್ಡಲಾಗಿ ಕೊರಿ. ಈ ಮೂಲೆಯಿಂದ ಆ ಮೂಲೆಗೆ ಒಂದೇ ಗೀಟು."

ಸಿದ್ದಗಂಗಮ್ಮ ರಾಗಿ ಹಸನು ಮಾಡುತ್ತಿದ್ದವರು ತಲೆಯೆತ್ತಿದರು. "ಅಲ್ಲ ಕಣ್ರೀ, ತೆಂಗಿನ ಮರಕ್ಕೆ ಯಾರಾದ್ರೂ ಅಡ್ಡಕ್ಕೆ ಕಚ್ಚು ಹಾಕಿದ್ರೆ ಜಗಳಕ್ಕೆ ಹೋಗ್ತೀರಿ, ಗಾಳಿಗೆ ಅಲ್ಲೇ ಮುರೀತದೆ ಅಂತ. ಗೋಡೆಗೆ ಹಾಕ್ಬೌದಾ?"

"ಮರಕ್ಕೆ ಗಾಳಿ ಬೀಸ್ತದೆ. ಮನೆಯೊಳಗೆ ಎಲ್ಲೈತೆ ಗಾಳಿ?" ಎಂದರು ಮರುಳಸಿದ್ದಯ್ಯ. ಸಿದ್ದಗಂಗಮ್ಮ ಮತ್ತೆ ಮೊರಕ್ಕೆ ಬಗ್ಗಿದರು.

ಅಣ್ಣಯ್ಯ ಉಳಿ ಸುತ್ತಿಗೆ ಹಿಡಿದು ಪಡಸಾಲೆಯ ಕಡೆಯಿಂದ ಶುರುಮಾಡಿದ. ಪೈಪಿನ ದಪ್ಪ ಒಂದಿಂಚೂ ಇರಲಿಲ್ಲ, ಆದರೆ ಸಿಮೆಂಟು ಚೆನ್ನಾಗಿ ಹಿಡಿಯಲೆಂದು ಮೂರಿಂಚು ಆಳಕ್ಕೆ ಕೊರೆದ. ಏಟು ಬಿದ್ದಾಗಲೆಲ್ಲ ಇಟ್ಟಿಗೆಗಳ ಸಂದಿನಿಂದ ಒಣಮಣ್ಣು ಜುಳುಜುಳು ಸುರಿಯಿತು. ಅದು ಮುಗಿಯುವಷ್ಟರಲ್ಲಿ ಅಡುಗೆಮನೆಯಿಂದ ಮರುಳಸಿದ್ದಯ್ಯನವರ ತಾಯಿ ಕಲ್ಲಮ್ಮನ ಗಂಟಲು ಕೇಳಿತು. ಮುದುಕಿಗೆ ಎಂಬತ್ತು ದಾಟಿತ್ತು. ದಿನವಿಡೀ ಒಲೆಯ ಪಕ್ಕ ಮಣೆಯ ಮೇಲೆ ಕೂತಿರುತ್ತಿದ್ದಳು.

"ಪಡಸಾಲೆಗೆ ಮಾತ್ರ ಕಾಲುವೆ, ನನ್ನ ಕಡೆಗೆ ಇಲ್ವಾ? ನಾನೇನು ಸತ್ತೋಗಿದೀನಾ ಮರುಳ?"

ತಾಯಿಯ ಮಾತು ಮೀರುವಂತಿರಲಿಲ್ಲ. ಅಡುಗೆಮನೆಯ ಕಡೆಯಿಂದಲೂ ಕೊರೆಯುವುದಾಯಿತು. ಎರಡೂ ಒಂದೇ ಮಟ್ಟದಲ್ಲಿದ್ದರೆ ಲಕ್ಷಣವೆಂದು ಮರುಳಸಿದ್ದಯ್ಯ ದಾರ ಹಿಡಿಸಿ ಅಳತೆ ಮಾಡಿಸಿದರು. ಹೀಗಾಗಿ ಪಡಸಾಲೆಯ ಕಾಲುವೆಗೆ ಬೆನ್ನು ಕೊಟ್ಟುಕೊಂಡೇ ಅಡುಗೆಮನೆಯ ಕಾಲುವೆ ಹೋಯಿತು. ಒಂದು ಕಡೆ ಉಳಿ ಪಾರಾಗಿ ತೂತೇ ಬಿತ್ತು. ಅಡುಗೆಮನೆಯಲ್ಲಿದ್ದ ಅಣ್ಣಯ್ಯ ಬಗ್ಗಿ ನೋಡಿದ. ಆ ಹೊತ್ತಿಗೆ ಪಡಸಾಲೆಗೆ ಬಂದಿದ್ದ ಕಲ್ಲಮ್ಮನಿಗೆ ಗೋಡೆಯಲ್ಲಿ ಒಂದು ಕಣ್ಣು ಕಂಡಿತು.

"ಯಾರ್ಲಾ ಅದು?"

"ನಾನು ಕಣಜ್ಜಿ, ಅಣ್ಣಯ್ಯ."

"ಸರಿ ಬುಡು," ಎಂದು ಮುದುಕಿ ಕೋಲೂರಿಕೊಂಡು ಮುಂದೆ ಹೋದಳು.

ಪೈಪು ಕೂರಿಸಿ, ಸಿಮೆಂಟು ಮೆತ್ತಿ, ಸುಣ್ಣ ಬಳಿದರು. ಏನೂ ಕಾಣದ್ದನ್ನು ನೋಡಲು ಬೀದಿಯವರೆಲ್ಲ ಬಂದರು. ಮರುಳಸಿದ್ದಯ್ಯ ಬಿಳೀ ಗೋಡೆಯ ಮೇಲೆ ಅಂಗೈ ಆಡಿಸುತ್ತ, "ಇಲ್ಲಿ ಹೋಯ್ತಾ ಐತೆ ನೋಡ್ರಿ" ಎನ್ನುವರು. "ಏನೂ ಕಾಣಾಕಿಲ್ವಲ್ಲ?" ಎಂದರೆ ಅವರ ಮುಖ ಅರಳುತ್ತಿತ್ತು. "ಅದೇ ಕಣ್ರೀ ನಾನು ಹೇಳ್ತಿರೋದು!"

ಶ್ರಾವಣ ಕಳೆದ ಮೇಲೆ ಹೊಸ ಕಾಯಿ ಅಟ್ಟಕ್ಕೇರಿತು. ಆ ವರ್ಷ ಫಸಲು ಚೆನ್ನಾಗಿತ್ತು. ಹೆಂಚು ಮುಟ್ಟುವವರೆಗೂ ಪೇರಿಸಿದರು. ದೀಪಾವಳಿಯ ಹೊತ್ತಿಗೆ ಅಡುಗೆಮನೆಯ ಬಾಗಿಲು ಮುಚ್ಚದಾಯಿತು. ಕದ ಉಬ್ಬಿರಬೇಕೆಂದು ಮರುಳಸಿದ್ದಯ್ಯ ಬಡಗಿಯಿಂದ ಅದರ ತಲೆ ಸವರಿಸಿದರು. ಎಂಟು ದಿನಕ್ಕೆ ಮತ್ತೆ ಸಿಕ್ಕಿಕೊಂಡಿತು, ಮತ್ತೆ ಸವರಿಸಿದರು. ಬಾಗಿಲಿನ ತಲೆ ಮನೆಯ ಸೂರಿನಂತೆ ಒಂದು ಕಡೆಗೆ ಇಳಿಜಾರಾಗುತ್ತ ಬಂತು. ಆಮೇಲೆ ಸುಣ್ಣದ ಮೇಲೆ ಎದೆಮಟ್ಟದಲ್ಲಿ ಕೂದಲೆಳೆಯಂಥ ಒಂದು ಗೆರೆ ಮೂಡಿತು. ಅಲ್ಲಿಂದ ಮೇಲೆ ಗೋಡೆ ಪಡಸಾಲೆಯ ಕಡೆಗೆ ಹೊಟ್ಟೆ ಬಿಡತೊಡಗಿತು. ಅದಕ್ಕೆ ಅಂಟಿಸಿದ್ದ ಕ್ಯಾಲೆಂಡರಿನ ದಿಂಬು ಮುಂದಕ್ಕೆ ಬಗ್ಗಿ, ತಿಥಿ ನೋಡುವವರ ಮುಖವನ್ನೇ ನೋಡುವಂತಾಯಿತು.

ಮಾರ್ಗಶಿರದಲ್ಲಿ ಬಲ್ಬು ತನ್ನಷ್ಟಕ್ಕೆ ತಾನೇ ಹತ್ತಲು ಶುರುವಾಯಿತು. ಅಟ್ಟದ ಮೇಲೆ ಬೆಕ್ಕು ಇಲಿಯ ಹಿಂದೆ ಓಡಿದರೆ ಪಡಸಾಲೆಯಲ್ಲಿ ಬೆಳಕಾಗುತ್ತಿತ್ತು, ಬೆಕ್ಕು ನಿಂತರೆ ಆರುತ್ತಿತ್ತು. ಮರುಳಸಿದ್ದಯ್ಯ ಇದು ಪೈಪಿನ ಗುಣವೆಂದು ತಿಳಿದು ಹಿಗ್ಗಿದರು.

ಎದುರುಮನೆಯ ತೋಂಟದಾರ್ಯರು ಸರ್ಕಾರಿ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದು ನಿವೃತ್ತರಾದವರು. ಸೇತುವೆ, ಶಾಲೆ, ಆಸ್ಪತ್ರೆ ಕಟ್ಟಿಸಿದ ಅನುಭವ. ಹಾಡುಹಗಲಲ್ಲೇ ಎದುರುಮನೆಯ ಬಲ್ಬು ಮಿಣುಕುವುದನ್ನು ಕಂಡು ಒಂದು ದಿನ ಬಂದರು. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಒಳಗೆ ನೋಡಿದರು. ಆ ಕಾಲನ್ನು ಹಿಂದಕ್ಕೆ ತೆಗೆದರು. ಬೀದಿಯ ನಡುವಿಗೆ ಹೋಗಿ ನಿಂತು ಛತ್ರಿ ಬಿಚ್ಚಿದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

"ಒಳಗೆ ಬನ್ರೀ, ಕಾಫಿ ಕುಡೀರಿ," ಎಂದರು ಮರುಳಸಿದ್ದಯ್ಯ.

"ಕಾಫಿ ಇಲ್ಲಿಗೇ ಕಳಿಸಿ. ಎಷ್ಟು ಆಳ ಕೊರೆಸಿದ್ರಿ?"

"ಮೂರಿಂಚು. ಆ ಕಡೆಯಿಂದ ಮೂರು, ಈ ಕಡೆಯಿಂದ ಮೂರು."

ತೋಂಟದಾರ್ಯರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆಮೇಲೆ ಬೀದಿಯಿಂದಲೇ ಗಟ್ಟಿಯಾಗಿ ಹೇಳಿದರು. "ನೋಡಿ ಮರುಳಸಿದ್ದಯ್ಯನೋರೆ, ಭಾರ ಮೇಲಿಂದ ಕೆಳಕ್ಕೆ ಇಳೀತದೆ. ಅದಕ್ಕೆ ಗೋಡೆನೇ ದಾರಿ. ಮೇಲಿಂದ ಕೆಳಕ್ಕೆ ನೆಟ್ಟಗೆ ಕೊರೆದ್ರೆ ಕಾಲುವೆ ಆ ದಾರಿ ಪಕ್ಕದಲ್ಲಿ ಹೋಗ್ತದೆ. ಗೋಡೆ ದಪ್ಪದಲ್ಲಿ ಮೂರನೇ ಒಂದು ಪಾಲು ಕೊರೆದ್ರೂ ತಡ್ಕಂತದೆ. ಅಡ್ಡಕ್ಕೆ ಕೊರೆದ್ರೆ ದಾರೀನೇ ಕಡಿದಂಗೆ. ಆರನೇ ಒಂದು ಪಾಲಿಗಿಂತ ಜಾಸ್ತಿ ಹೋಗ್ಲೇಬಾರದು, ಅದೂ ಒಂದು ಚೂರು ಉದ್ದ. ನೀವು ಈ ಮೂಲೆಯಿಂದ ಆ ಮೂಲೆಗೆ ಎರಡೂ ಕಡೆ ಕಡಿಸಿದ್ದೀರಿ. ಒಂಬತ್ತಿಂಚಲ್ಲಿ ಉಳಿದಿರೋದು ಮೂರು. ಇಡೀ ಅಟ್ಟ ಈಗ ಮೂರಿಂಚಿನ ಮೇಲೆ ನಿಂತದೆ."

"ಸಿಮೆಂಟು ತುಂಬಿಸಿದೀನಲ್ಲ?"

"ಹಲ್ಲು ಕಿತ್ತ ಜಾಗಕ್ಕೆ ಬೆಲ್ಲ ತುಂಬ್ಕಂಡು ಕಡಲೆ ಅಗೀತೀರಾ? ಮೊದ್ಲು ಕಾಯಿ ಇಳಿಸಿ."

ಮರುಳಸಿದ್ದಯ್ಯನವರ ಮುಖ ಬಿಗಿಯಿತು. ಗೋಡೆಯ ಬಗ್ಗೆ ಏನಾದರೂ ಅನ್ನಿಸಿಕೊಂಡಾರು, ಕಾಯಿಯ ಮಾತು ಬೇರೆ. "ಇನ್ನೂ ನೀರು ಬತ್ತಿಲ್ಲ. ಈಗ ಅಲುಗಿಸಿದ್ರೆ ಕೊಬ್ಬರಿ ಕೆಡ್ತದೆ. ಇನ್ನೆಂಟು ತಿಂಗಳು ಗೋಡೆ ಹೆಂಗಾರ ತಡ್ಕಳ್ಳಿ."

"ಅದನ್ನ ಗೋಡೆಗೆ ಹೇಳಿ," ಎಂದು ತೋಂಟದಾರ್ಯರು ಲೋಟ ಹಿಂದಿರುಗಿಸಿದರು. ಕೊನೆಗೆ, ಕಾಯಿ ಇಳಿಸದಿದ್ದರೆ ಹೋಗಲಿ, ತೊಲೆಗಳಿಗೆ ಆಸರೆಯನ್ನಾದರೂ ಕೊಡಿ ಎಂದರು. ಬಿರುಕಿನ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿಗಳನ್ನು ಅಂಟಿಸುವಂತೆ ಮರುಳಸಿದ್ದಯ್ಯನವರ ಮಗಳು ಶಾಂತಕುಮಾರಿಗೆ ಹೇಳಿಕೊಟ್ಟರು. ಕಾಗದ ಹರಿದರೆ ಗೋಡೆ ಅಲುಗಿತೆಂದು ಅರ್ಥ.

ಆಸರೆಗೆ ಮರುಳಸಿದ್ದಯ್ಯ ತೋಟದಿಂದ ಫಲ ನಿಂತ ಮುದಿ ತೆಂಗುಗಳನ್ನು ಕಡಿಸಿ ತರಿಸಿದರು. ಮೊದಲು ಪಡಸಾಲೆಯಲ್ಲಿ ಎರಡು ಕಾಂಡ ನಿಂತವು. ಕಾಗದ ಹರಿದಾಗಲೆಲ್ಲ ಇನ್ನೊಂದು ಬಂತು. ಸಂಕ್ರಾಂತಿಯ ವೇಳೆಗೆ ಪಡಸಾಲೆಯಲ್ಲಿ ಏಳು, ಅಡುಗೆಮನೆಯಲ್ಲಿ ನಾಲ್ಕು. ಬಂದವರು ಮೈ ಅಡ್ಡ ಮಾಡಿಕೊಂಡು ಒಳಗೆ ನುಸುಳಬೇಕು. ಬೆರಳು ದಪ್ಪದ ವೈರು ಕಾಣಬಾರದೆಂದು ಶುರುವಾದ ಕೆಲಸ ಮನೆಯೊಳಗೆ ತೋಪನ್ನೇ ಬೆಳೆಸಿತ್ತು. ಮರುಳಸಿದ್ದಯ್ಯನವರಿಗೆ ಅದರಿಂದ ಬೇಸರವಾಗಲಿಲ್ಲ. ಕಾಂಡಗಳು ತೂಗಾಡುತ್ತಿರಲಿಲ್ಲವಲ್ಲ.

ಮನೆಯಲ್ಲಿ ಹೊಸ ಕಟ್ಟಳೆಗಳು ಬಂದವು. ಒನಕೆ ಮುಟ್ಟುವಂತಿಲ್ಲ. ಸಿದ್ದಗಂಗಮ್ಮ ಕಾರ ಕುಟ್ಟಲು ತೋಂಟದಾರ್ಯರ ಮನೆಗೆ ಹೋಗುತ್ತಿದ್ದರು. ಎಲ್ಲರೂ ಪಿಸುಗುಟ್ಟಿಯೇ ಮಾತಾಡಬೇಕು. ಕಲ್ಲಮ್ಮನಿಗೆ ಕಿವಿ ಮಂದ, ಪಿಸುಮಾತು ಕೇಳಿಸದೆ "ಆಂ?" ಎಂದು ಕಿರುಚುವಳು. ಮನೆಯವರೆಲ್ಲ ಗೋಡೆ ನೋಡುವರು. ಸೀನು ಬಂದವರು ಮೂಗು ಹಿಡಿದುಕೊಂಡು ಬೀದಿಗೆ ಓಡಿ, ಸೀನಿ, ಒಳಗೆ ಬರುವರು.

ಇಂಥ ಕಾಲದಲ್ಲಿ ಶಾಂತಕುಮಾರಿಯನ್ನು ನೋಡಲು ನೊಣವಿನಕೆರೆಯಿಂದ ಗಂಡಿನವರು ಬರುತ್ತೇವೆಂದು ಹೇಳಿ ಕಳಿಸಿದರು. ಹುಡುಗ ರೇವಣಸಿದ್ದಯ್ಯ ಹೈಸ್ಕೂಲಿನಲ್ಲಿ ಮೇಷ್ಟ್ರು, ತಂದೆ ಕಾಡಸಿದ್ದಪ್ಪ ಕೊಬ್ಬರಿ ವ್ಯಾಪಾರದವರು. ಬೇರೆ ಕಡೆ ತೋರಿಸೋಣ ಎಂದು ಸಿದ್ದಗಂಗಮ್ಮ ಎಷ್ಟು ಹೇಳಿದರೂ ಮರುಳಸಿದ್ದಯ್ಯ ಕೇಳಲಿಲ್ಲ. ಸ್ವಂತ ಮನೆ ಇಟ್ಟುಕೊಂಡು ಇನ್ನೊಬ್ಬರ ಮನೆಯಲ್ಲಿ ಹೆಣ್ಣು ತೋರಿಸುವುದು ಅವಮಾನವೆಂದರು.

ಗಂಡಿನವರು ಒಬ್ಬರ ಹಿಂದೆ ಒಬ್ಬರು ನುಸುಳಿ ಬಂದು ಕಾಂಡಗಳ ಸಂದಿಯಲ್ಲಿ ಹಾಸಿದ ಜಮಖಾನದ ಮೇಲೆ ಕೂತರು. ಕಾಡಸಿದ್ದಪ್ಪ ಪಕ್ಕದ ಕಾಂಡವನ್ನು ತಟ್ಟಿ ನೋಡಿದರು.

"ಇದೇನ್ರೀ, ತೋಟಾನೇ ಒಳಗೆ ತಂದಿದೀರಿ?"

"ನೆರಳಿಗೆ," ಎಂದರು ಮರುಳಸಿದ್ದಯ್ಯ ಪಿಸುಮಾತಿನಲ್ಲಿ.

"ಗೋಡೆ ತುಂಬ ಕಾಗದ?"

"ಶುಭಕಾರ್ಯ ಅಲ್ವಾ, ಅಲಂಕಾರಕ್ಕೆ."

ಇವರು ಯಾಕೆ ಪಿಸುಗುಡುತ್ತಾರೋ ತಿಳಿಯದೆ, ಅದೇ ಈ ಮನೆಯ ಮರ್ಯಾದೆಯಿರಬೇಕೆಂದು ಗಂಡಿನವರೂ ಪಿಸುಗುಟ್ಟತೊಡಗಿದರು. ಶಾಂತಕುಮಾರಿ ಬಂದು ಕೂತಳು. ಹುಡುಗನಿಗೂ ಅವಳಿಗೂ ನಡುವೆ ಸರಿಯಾಗಿ ಒಂದು ಕಾಂಡ. ಅವನು ಎಡಕ್ಕೆ ಬಗ್ಗಿದರೆ ಅವಳು ನಾಚಿ ಬಲಕ್ಕೆ ಸರಿಯುವಳು. ಅವನು ಬಲಕ್ಕೆ ಬಗ್ಗುವ ಹೊತ್ತಿಗೆ ಅವಳು ಅವನನ್ನು ನೋಡಲೆಂದು ಎಡಕ್ಕೆ ಬಗ್ಗಿರುವಳು. ಕಾಡಸಿದ್ದಪ್ಪ ಮಗನ ಕತ್ತಿಗೇನಾಯಿತೆಂದು ಗಾಬರಿಯಾದರು.

ಶಾಂತಕುಮಾರಿ ಉಪ್ಪಿಟ್ಟಿನ ತಟ್ಟೆಗಳನ್ನು ಕೊಡುತ್ತಿದ್ದಾಗ ಬಲ್ಬು ಹತ್ತಿತು. ಅಟ್ಟದಲ್ಲಿ ಬೆಕ್ಕಿನ ಸದ್ದಿರಲಿಲ್ಲ. ಬಲ್ಬು ಆರಲೂ ಇಲ್ಲ. ಅವಳು ಗೋಡೆ ನೋಡಿದಳು. ಕಾಗದದ ಪಟ್ಟಿಯೊಂದು ಅವಳ ಕಣ್ಣೆದುರೇ ಪರ್ರನೆ ಹರಿಯಿತು, ಅದರ ಪಕ್ಕದ್ದೂ ಹರಿಯಿತು. ಮೂರು ತಿಂಗಳಿಂದ ಆ ಮನೆಯಲ್ಲಿ ಕೇಳದಿದ್ದ ದನಿಯಲ್ಲಿ ಅವಳು ಹೇಳಿದಳು:

"ಎಲ್ರೂ ತಟ್ಟೆ ತಗಂಡು ಬೀದಿಗೆ ನಡೀರಿ. ಈಗ್ಲೇ."

ಹುಡುಗನ ತಾಯಿ ಕಣ್ಣರಳಿಸಿದರು. "ಏನ್ ಜೋರಪ್ಪ ಈ ಹುಡ್ಗಿ!"

"ಜೋರಲ್ಲ ಕಣಮ್ಮ, ಗೋಡೆ ನೋಡು," ಎಂದು ರೇವಣಸಿದ್ದಯ್ಯ ಮೊದಲು ಎದ್ದ. ಅವನೂ ಅವನ ತಂದೆಯೂ ಕಲ್ಲಮ್ಮನನ್ನು ಮಣೆಸಮೇತ ಎತ್ತಿಕೊಂಡರು. ಮುದುಕಿ ಮದುವೆಯೇ ಶುರುವಾಯಿತೆಂದು ತಿಳಿದು ಸೆರಗು ಹೊದ್ದುಕೊಂಡಳು.

ಎಲ್ಲರೂ ಬೀದಿಗೆ ಬಂದ ಮೇಲೆ ಎಣಿಸಿದರೆ ಮರುಳಸಿದ್ದಯ್ಯ ಇರಲಿಲ್ಲ. ಬಾಗಿಲಿನಿಂದ ಇಣುಕಿದರೆ, ಅವರು ನಡುಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಅಗಲಿಸಿ, ಕಣ್ಣುಮುಚ್ಚಿ ನಿಂತಿದ್ದರು.

"ನಾನು ಹಿಡ್ಕಂಡಿರ್ತೀನಿ. ನೀವು ಮಾತುಕತೆ ಮುಗಿಸ್ಕಳ್ಳಿ," ಎಂದರು.

ಗದ್ದಲ ಕೇಳಿ ಬೀದಿಗೆ ಬಂದಿದ್ದ ತೋಂಟದಾರ್ಯರು ಛತ್ರಿಯ ಕೆಳಗಿನಿಂದ ಕೂಗಿದರು. "ನೀವು ಒತ್ತಿದ್ರೆ ಅದು ಆ ಕಡೆಗೆ ಬೀಳ್ತದೆ, ಅಷ್ಟೇ ಕಣ್ರೀ! ಬನ್ನಿ ಈಚೆಗೆ!"

"ನಾನು ಬಿಟ್ರೆ ಬೀಳ್ತದೆ!"

ಸಿದ್ದಗಂಗಮ್ಮ ಕೈಯಲ್ಲಿದ್ದ ತಟ್ಟೆಯನ್ನು ಹುಡುಗನ ತಾಯಿಗೆ ಕೊಟ್ಟು ಒಳಗೆ ಹೋದರು. ಯಾರೋ ತಡೆಯಲು ಕೈ ಚಾಚಿದರು, ಅವರು ನಿಲ್ಲಲಿಲ್ಲ. ಕಾಂಡಗಳ ಸಂದಿಯಲ್ಲಿ ನುಸುಳಿ ಹೋಗಿ ಗಂಡನ ಪಕ್ಕದಲ್ಲಿ ತಾವೂ ಗೋಡೆಗೆ ಬೆನ್ನು ಕೊಟ್ಟು ನಿಂತರು.

"ನೀನ್ಯಾಕೆ ಬಂದೆ?"

"ಇಬ್ರೂ ಹಿಡ್ಕಳಣ. ಒಬ್ರಿಗೆ ಭಾರ."

ಮರುಳಸಿದ್ದಯ್ಯ ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು. ಆಕೆಯ ತಲೆಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು, ಕೂದಲು ಬೆಳ್ಳಗಾಗಿತ್ತು. ಮೂರು ತಿಂಗಳಿಂದ ಮರುಳಸಿದ್ದಯ್ಯ ಕೊಬ್ಬರಿ ಕೆಟ್ಟೀತೆಂದು ಹೆದರಿದ್ದರೇ ಹೊರತು ಗೋಡೆಗೆ ಹೆದರಿರಲಿಲ್ಲ. ಈಗ ಹೆದರಿದರು. ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಕಾಂಡಗಳಿಗೆ ಢಿಕ್ಕಿ ಹೊಡೆಯುತ್ತ ಬೀದಿಗೆ ಬಂದರು. ಬಂದ ಮೇಲೂ ಕೈ ಬಿಡಲಿಲ್ಲ. ಬೀದಿಯವರೆಲ್ಲ ಗೋಡೆ ಬಿಟ್ಟು ಆ ಕೈಯನ್ನೇ ನೋಡಿದರು.

ಗೋಡೆ ಬೀಳಲಿಲ್ಲ. ಎಲ್ಲರೂ ಉಸಿರು ಹಿಡಿದು ಕಾದರು. ಆಗಲೂ ಬೀಳಲಿಲ್ಲ. ಉಪ್ಪಿಟ್ಟು ಆರುತ್ತದೆಂದು ನಿಂತೇ ತಿಂದರು. ತೋಂಟದಾರ್ಯರ ಮನೆಯಿಂದ ಚಾಪೆ ಬಂತು. ಬೀದಿಯಲ್ಲಿ ನಡುವೆ ಯಾವ ಕಾಂಡವೂ ಇಲ್ಲದ್ದರಿಂದ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದರು. ಹುಡುಗ ತಾಯಿಯ ಕಿವಿಯಲ್ಲಿ ಏನೋ ಹೇಳಿದ. ತಾಯಿ ಗಂಡನ ಕಡೆ ತಿರುಗಿದರು. ಕಾಡಸಿದ್ದಪ್ಪ ಎದ್ದು ಪಂಚೆ ಕೊಡವಿಕೊಂಡರು.

"ಹೆಣ್ಣು ಒಪ್ಪಿಗೆ. ಅಟ್ಟದಲ್ಲಿ ಎಷ್ಟು ಕಾಯಿ ಅದೆ ಬೀಗರೇ? ಮೊದ್ಲು ಅವನ್ನ ಇಳಿಸಾಣ."

ಇಳಿಸುವ ಬಗೆಯನ್ನು ತೋಂಟದಾರ್ಯರು ಹೇಳಿದರು. ಅಟ್ಟಕ್ಕೆ ಯಾರೂ ಹತ್ತುವಂತಿಲ್ಲ. ಮನೆಯ ಮುಂದೂ ಹಿಂದೂ ಅಟ್ಟಕ್ಕೆ ಗಾಳಿಯಾಡಲು ಒಂದೊಂದು ಕಿಂಡಿಯಿತ್ತು. ಹೊರಗೋಡೆಗೆ ಏಣಿ ಹಾಕಿ, ಕಾಯಿ ಕೀಳುವ ದೋಟಿಯನ್ನು ಕಿಂಡಿಯೊಳಗೆ ತೂರಿಸಿ ಕಾಯಿಗಳನ್ನು ಈಚೆಗೆ ಎಳೆಯಬೇಕು. ಒಂದೇ ಕಡೆಯಿಂದ ಎಳೆದರೆ ಭಾರ ಇನ್ನೊಂದು ಕಡೆಗೆ ವಾಲುತ್ತದೆ, ಆದ್ದರಿಂದ ಎರಡೂ ಕಡೆ ಸಮಸಮ ಇಳಿಯಬೇಕು. ಮುಂದೆ ಗಂಡಿನವರು ನಿಂತರು, ಹಿಂದೆ ಬೀದಿಯವರು. ಜರಿಪಂಚೆಯನ್ನು ಎತ್ತಿ ಕಟ್ಟಿಕೊಂಡು ಮದುಮಗನೇ ಏಣಿ ಹತ್ತಿದ. ತೋಂಟದಾರ್ಯರು ನಡುಬೀದಿಯಲ್ಲಿ ನಿಂತು "ಮುಂದೆ ನಿಲ್ಲಿಸಿ! ಹಿಂದೆ ಎಳೀರಿ! ಈಗ ಇಬ್ರೂ!" ಎಂದು ಕೂಗುತ್ತಿದ್ದರು. ಒಂದು ಕಾಯಿ ಅವರ ಛತ್ರಿಯ ಮೇಲೆಯೇ ಬಿದ್ದು ಕಡ್ಡಿ ಮುರಿಯಿತು.

ಕೆಲಸ ಮುಗಿದದ್ದು ಮರುದಿನ ಮಧ್ಯಾಹ್ನ. ಅಟ್ಟ ಬರಿದಾದ ಮೇಲೆ, ಇನ್ನು ಭಯವಿಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟ ಹೊತ್ತಿಗೆ, ನಡುಗೋಡೆ ಬಿತ್ತು. ಇಷ್ಟು ದಿನ ಅದನ್ನು ಅದುಮಿ ಹಿಡಿದಿದ್ದದ್ದು ಮೇಲಿನ ಭಾರವೇ ಏನೋ. ಎದೆಮಟ್ಟದಿಂದ ಮೇಲಿನ ಇಟ್ಟಿಗೆಗಳು ಅವಸರವಿಲ್ಲದೆ, ಒಂದರ ಹಿಂದೆ ಒಂದು, ಪಡಸಾಲೆಗೆ ಜಾರಿ ಕೂತವು. ತೊಲೆಗಳು ತೆಂಗಿನ ಕಾಂಡಗಳ ಮೇಲೆ ಹಾಗೇ ನಿಂತಿದ್ದವು. ಧೂಳು ಅಡಗಿದ ಮೇಲೆ ನೋಡಿದರೆ, ಬಯಲಾದ ಜಾಗದಲ್ಲಿ ಪೈಪು ಮುರಿದು, ವೈರು ಈ ತುದಿಯಿಂದ ಆ ತುದಿಗೆ ಜೋಕಾಲಿಯಂತೆ ತೂಗಾಡುತ್ತಿತ್ತು. ಬಲ್ಬು ಉರಿಯುತ್ತಲೇ ಇತ್ತು. ಮರುಳಸಿದ್ದಯ್ಯ ಮುಖ ತಿರುಗಿಸಿಕೊಂಡರು. ಅಣ್ಣಯ್ಯ ಓಡಿಬಂದು ಫ್ಯೂಸು ಕಿತ್ತ. "ನೋಡಿ ಯಜಮಾನ್ರೆ, ವೈರಿಗೇನೂ ಆಗಿಲ್ಲ," ಎಂದ.

ಗೋಡೆಯನ್ನು ಮತ್ತೆ ಕಟ್ಟಿಸಲು ಕಲ್ಲಮ್ಮ ಬಿಡಲಿಲ್ಲ. ಒಲೆಯ ಪಕ್ಕ ಕೂತಲ್ಲಿಂದಲೇ ಪಡಸಾಲೆಗೆ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಕಾಣುತ್ತದೆ, ಇಷ್ಟು ವರ್ಷ ನನ್ನನ್ನು ಗೋಡೆಯ ಹಿಂದೆ ಇಟ್ಟಿದ್ದಿರಿ ಎಂದಳು. ತೋಂಟದಾರ್ಯರು ಯೋಚಿಸಿ, ಎರಡು ಕಲ್ಲುಕಂಬ ನಿಲ್ಲಿಸಿ, ಅವುಗಳ ಮೇಲೆ ದಪ್ಪದೊಂದು ಹೊನ್ನೆಮರದ ತೊಲೆ ಕೂರಿಸಿದರು. ಮನೆ ಬಯಲಿನಂತೆ ಅಗಲವಾಯಿತು. ಇದೇ ಈಗಿನ ಫ್ಯಾಷನ್ ಎಂದು ನಂಬಿ ಅದೇ ಬೀದಿಯ ಇನ್ನಿಬ್ಬರು ತಮ್ಮ ನಡುಗೋಡೆ ಕೆಡವಲು ಹಾರೆ ಹಿಡಿದರು. ತೋಂಟದಾರ್ಯರು ಮುರಿದ ಛತ್ರಿಯನ್ನೇ ಎತ್ತಿಕೊಂಡು ಹೋಗಿ ಅವರ ಬಾಗಿಲಿಗೆ ಅಡ್ಡ ನಿಂತು ತಡೆಯಬೇಕಾಯಿತು.

ಚೈತ್ರದಲ್ಲಿ ಮದುವೆಯಾಯಿತು. ಅತ್ತ ಹಸಿಯೂ ಅಲ್ಲದ ಇತ್ತ ಕೊಬ್ಬರಿಯೂ ಆಗದ ಆ ಕಾಯಿಗಳನ್ನು ಕೊಳ್ಳುವವರು ಸಿಗದೆ, ಮರುಳಸಿದ್ದಯ್ಯ ಅವನ್ನೆಲ್ಲ ಮದುವೆಯ ಅಡುಗೆಗೇ ಸುರಿಸಿದರು. ಪಲ್ಯಕ್ಕೆ ಅದೇ, ಹೋಳಿಗೆಯ ಹೂರಣಕ್ಕೆ ಅದೇ, ಪಾಯಸಕ್ಕೂ ಅದೇ. ನೊಣವಿನಕೆರೆಯ ಕಡೆಯ ನೆಂಟರು ಅದನ್ನು ಬಹಳ ವರ್ಷ ಮರೆಯಲಿಲ್ಲ. ಶಾಂತಕುಮಾರಿ ಮಾತ್ರ ಅತ್ತೆಮನೆಯಲ್ಲಿ ಚೆನ್ನಾಗಿದ್ದಳು. ಅವಳು ಒಮ್ಮೆ ಗಟ್ಟಿಯಾಗಿ ಹೇಳಿದರೆ ಆ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದರು.

ಮರುಳಸಿದ್ದಯ್ಯನವರಲ್ಲಿ ಒಂದು ಬದಲಾವಣೆಯಾಗಿತ್ತು. ಅದುವರೆಗೆ ಒಬ್ಬರೇ ತೋಟಕ್ಕೆ ಹೋಗುತ್ತಿದ್ದವರು ಹೆಂಡತಿ ಬಾರದೆ ಹೊಸ್ತಿಲು ದಾಟದಾದರು. ಪೇಟೆಯವರು ಗೋಡೆ ಬಿದ್ದದ್ದಕ್ಕಿಂತ ಹೆಚ್ಚಾಗಿ ಇದಕ್ಕೆ ನಕ್ಕರು. ಬೇಸಿಗೆಯ ಸಂಜೆ ಸಂಪಿಗೆ ದಾರಿಯಲ್ಲಿ ಇಬ್ಬರೂ ನಡೆದು ಹೋಗುವರು. ಸಿದ್ದಗಂಗಮ್ಮನದು ಬಿರುಸು ನಡಿಗೆ, ನಾಲ್ಕು ಮಾರು ಮುಂದಿರುತ್ತಿದ್ದರು. ಮರುಳಸಿದ್ದಯ್ಯ ಹಿಂದಿನಿಂದ, "ನಿಧಾನ ಕಣೇ, ನಾನೂ ಬತ್ತೀನಿ," ಎನ್ನುತ್ತ ಹೆಜ್ಜೆ ಹಾಕುತ್ತಿದ್ದರು.